ಮುಸ್ತಫಾನ ಬ್ಯಾಟರಿ

“ಎಮ್ಯುಲೇಟರ್ ಅಂದ್ರೆ ಕಳ್ಳರ ಕೀಲಿಕೈ ಅಲ್ವೇನಮ್ಮಾ?”

ಬಳ್ಳಾರಿಯಲ್ಲಿ ನಡೆದ ಒಂದು ವಿಚಾರ ಸಂಕಿರಣದ ಊಟದ ಸಾಲಿನಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ನನ್ನನ್ನು ಹೀಗೆ ಕೇಳಿದರು. ಅವರಿಗೆ ನನ್ನ ಪರಿಚಯ ಮಾಡಿಕೊಟ್ಟವರು, “ಹುಡುಗಿ ಬಯಲಾಟದ ಮೇಲೆ ಪಿಎಚ್.ಡಿ. ಮಾಡ್ತಿದಾಳೆ ಸರ್, ರಾತ್ರಿ ಹೊತ್ತು ಲಿನಕ್ಸ್‌ಗೆ ವಿಡಿಯೊ ಗೇಮ್ ಕಟ್ಟಿ ಕಳಿಸ್ತಾಳೆ” ಎಂದು ನಗುತ್ತ ಹೇಳಿದ್ದರು. ಸುತ್ತ ನಿಂತವರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿ ತಟ್ಟೆ ಇದ್ದಾಗ, ಎದುರಿಗಿರುವವರು ನಾಳೆ ನನ್ನ ಮಹಾಪ್ರಬಂಧದ ಮೌಲ್ಯಮಾಪನಕ್ಕೆ ಬರಬಹುದಾದವರಾಗಿದ್ದಾಗ, ಸಂಶೋಧನಾ ವಿದ್ಯಾರ್ಥಿ ನಗುತ್ತಾಳೆ. ಆದರೆ ಆ ನಗು ಇನ್ನೂ ಗಂಟಲಲ್ಲೇ ಇದೆ. ಅಂದು ಕೊಡಬೇಕಾಗಿದ್ದ ಉತ್ತರ ಸ್ವಲ್ಪ ಉದ್ದದ್ದು, ಸಾಂಬಾರು ಬಡಿಸುವಷ್ಟರಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸಿರುಗುಪ್ಪದಿಂದ ಶುರು ಮಾಡಬೇಕು. 2007ರ ಸುಮಾರಿಗೆ ನಮ್ಮ ಮನೆಯಿಂದ ಎರಡು ಓಣಿ ಆಚೆ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ಬಣ್ಣ ಹೋದ ಹಸಿರು ಪರದೆ, ಒಳಗೆ ಮೂರು ಮರದ ಡಬ್ಬಿಗಳು, ಒಂದು ರೂಪಾಯಿಗೆ ಒಂದು ಕಾಯಿನ್. ಹುಡುಗಿಯರು ಒಳಗೆ ಹೋಗುವಂತಿರಲಿಲ್ಲ. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ನನಗೆ ಆ ಪರದೆಯ ತನಕ ಹೋಗುವ ಒಂದೇ ಪರವಾನಗಿ ನಮ್ಮ ಅಮ್ಮನ “ಹೋಗಿ ನಿಮ್ಮಣ್ಣನ್ನ ಕರ್ಕಂಬಾ, ಅನ್ನ ಆರೋಗ್ತೈತೆ” ಎಂಬ ಮಾತು. ನಾನು ಪರದೆ ಸರಿಸಿ “ಅಣ್ಣಾ” ಎನ್ನುತ್ತಿದ್ದೆ. ಅವನು ತಿರುಗದೆ “ಇದೊಂದ್ ಲೈಫ್ ಮುಗೀಲಿ ತಡಿ” ಎನ್ನುತ್ತಿದ್ದ. ಆ ಒಂದು ಲೈಫ್ ಮುಗಿಯುವಷ್ಟು ಹೊತ್ತು ನಾನು ಪರದೆಯ ಅಂಚು ಹಿಡಿದು ನಿಂತು ನೋಡುತ್ತಿದ್ದ ಆಟದ ಹೆಸರು ಮುಸ್ತಫಾ.

ಅದರ ನಿಜವಾದ ಹೆಸರು ಬೇರೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಅದು. ಅದರಲ್ಲಿ ಆರಿಸಿಕೊಳ್ಳಲು ನಾಲ್ಕು ಪಾತ್ರಗಳು: ಜ್ಯಾಕ್, ಹ್ಯಾನಾ, ಮುಸ್ತಫಾ, ಮೆಸ್. ಹಳದಿ ಟೋಪಿಯ ಮುಸ್ತಫಾ ಓಡಿ ಬಂದು ಒದೆಯುವ ಒದೆತಕ್ಕೆ ಮರುಳಾಗಿ ಇಡೀ ಭಾರತದ ಹುಡುಗರು ಆಟಕ್ಕೇ ಅವನ ಹೆಸರಿಟ್ಟರು. ದೆಹಲಿಯ ಗಲ್ಲಿಯಲ್ಲೂ ಅದು ಮುಸ್ತಫಾ, ಬಳ್ಳಾರಿಯ ಕೌಲ್ ಬಜಾರಿನಲ್ಲೂ ಮುಸ್ತಫಾ. ಸಿರುಗುಪ್ಪದ ಆ ಅಂಗಡಿಯಲ್ಲಿ ಬಸವರಾಜ, ಹುಸೇನಿ, ಈರಣ್ಣ ಮೂವರೂ “ನಾನ್ ಮುಸ್ತಫಾ, ನಾನ್ ಮುಸ್ತಫಾ” ಎಂದು ಜಗಳ ಆಡುತ್ತಿದ್ದರು. ಹೆಸರು ನೋಡಿ ಮನುಷ್ಯನನ್ನು ಅಳೆಯುವ ಇವತ್ತಿನ ದಿನಗಳಲ್ಲಿ ಆ ಜಗಳ ನೆನಪಾದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದು ಬೇರೆ ಲೇಖನ.

ಒಂದು ಸಂಜೆ ಕರೆಂಟ್ ಹೋಗಿ ಬಂತು. ಪರದೆಯ ಬಳಿ ನಿಂತಿದ್ದ ನನಗೆ ಆ ಮರದ ಡಬ್ಬಿಯ ತೆರೆಯ ಮೇಲೆ ಮುಸ್ತಫಾನ ಬದಲು ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳ ಸಾಲು ಸಾಲು ಓಡಿದ್ದು ಕಂಡಿತು. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕಂಡದ್ದೇ ಅದು. ಅಣ್ಣ ನಂಬಲಿಲ್ಲ. ಎಂಟು ವರ್ಷದ ಮೇಲೆ, ನನ್ನದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಿ, ‘ಮೇಮ್’ ಎಂಬ ಎಮ್ಯುಲೇಟರ್ ಇಳಿಸಿಕೊಂಡು ತೆರೆದಾಗ ಅರ್ಥವಾಯಿತು: ಆ ಡಬ್ಬಿಯಲ್ಲಿ ಕ್ಯಾಪ್‌ಕಾಮ್‌ನ ಬೋರ್ಡು ಇರಲೇ ಇಲ್ಲ. ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಇತ್ತು. ಮೇಮ್ ಓಡುತ್ತಿತ್ತು. ಅಂದಿನ ಮೇಮ್‌ನ ಪರವಾನಗಿಯಲ್ಲಿ ವಾಣಿಜ್ಯ ಬಳಕೆಗೆ ನಿಷೇಧವಿತ್ತು ಎಂಬುದು ಇನ್ನೂ ಚೆಂದ. ಅಂದರೆ ಅಂಗಡಿಯವನು ಕ್ಯಾಪ್‌ಕಾಮ್‌ಗೂ ಟೋಪಿ ಹಾಕಿದ್ದ, ಎಮ್ಯುಲೇಟರ್ ಬರೆದವರಿಗೂ ಹಾಕಿದ್ದ.

ಆ ರಾತ್ರಿ ಹಾಸ್ಟೆಲಿನಲ್ಲಿ, ಹದಿನೆಂಟನೇ ವಯಸ್ಸಿಗೆ, ಮೊದಲ ಸಲ ಮುಸ್ತಫಾನನ್ನು ನಾನೇ ಆಡಿದೆ. ಹ್ಯಾನಾಳನ್ನು ಆರಿಸಿಕೊಂಡೆ. ಪ್ರಾಧ್ಯಾಪಕರೇ, ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು: ನನ್ನ ಪಾಲಿಗೆ ಬೀಗ ಹಾಕಿದ್ದ ಬಾಗಿಲನ್ನು ತೆರೆದದ್ದು ಆ ಕೀಲಿಕೈ. ಬೀಗ ಹಾಕಿದ್ದು ಕ್ಯಾಪ್‌ಕಾಮ್ ಅಲ್ಲ ಎಂಬುದೂ ಗೊತ್ತು.

ಈಗ ಕಳ್ಳತನದ ಮಾತಿಗೆ ಬರೋಣ. ಮುಸ್ತಫಾನನ್ನು ನ್ಯಾಯವಾಗಿ ಕೊಳ್ಳಬೇಕೆಂದರೆ ಎಲ್ಲಿ ಕೊಳ್ಳಬೇಕು? ಆ ಆಟ ಮಾರ್ಕ್ ಶುಲ್ಟ್ಸ್ ಎಂಬ ಅಮೆರಿಕದ ಕಲಾವಿದರ ಚಿತ್ರಕಥೆಯನ್ನು ಆಧರಿಸಿದ್ದು. ಹೆಸರಿನಲ್ಲಿ ಒಂದು ಕಾರು ಕಂಪನಿಯ ಬ್ರಾಂಡ್ ಇದೆ. ಪರವಾನಗಿಗಳ ಈ ಗೋಜಲಿನಲ್ಲಿ ಸಿಕ್ಕಿ ಆ ಆರ್ಕೇಡ್ ಆಟ ಮನೆಯಲ್ಲಿ ಆಡುವ ಯಾವ ಯಂತ್ರಕ್ಕೂ ಅಧಿಕೃತವಾಗಿ ಬರಲಿಲ್ಲ. 2018ರಲ್ಲಿ ಕ್ಯಾಪ್‌ಕಾಮ್ ತನ್ನ ಹಳೆಯ ಹೊಡೆದಾಟದ ಆಟಗಳ ಕಟ್ಟೊಂದನ್ನು ಮತ್ತೆ ಮಾರಿತು; ಅದರಲ್ಲೂ ಮುಸ್ತಫಾ ಇರಲಿಲ್ಲ. ಹಣ ಕೊಡುತ್ತೇನೆಂದರೆ ಹಣ ತೆಗೆದುಕೊಳ್ಳುವ ಕಿಟಕಿಯೇ ಇಲ್ಲ. ಇದು ಒಂದು ಆಟದ ಕಥೆಯಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟಕ್ಕೆ ಸಿಗುವುದಿಲ್ಲ. ಅಲ್ಲೇ ಹೀಗಾದರೆ, ಕಂಪನಿಗಳು ಕಾಲಿಡದ ಸಿರುಗುಪ್ಪ, ಕುರುಗೋಡುಗಳ ಪಾಡೇನು? ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ನಮ್ಮಪ್ಪ ಕೊಡಿಸಿದ ಟಿವಿ ಗೇಮ್‌ನ ಡಬ್ಬಿಯ ಮೇಲೆ ‘9999999 ಆಟಗಳು’ ಎಂದಿತ್ತು. ಒಳಗೆ ಇದ್ದದ್ದು ಹತ್ತು ಹದಿನೈದು, ಎಲ್ಲವೂ ನಿಂಟೆಂಡೊ ಯಂತ್ರದ ನಕಲು. ನಮಗೆ ಸಿಕ್ಕ ಮೊದಲ ಆಟವೇ ಕಳ್ಳಮಾಲು. ಅಸಲಿಯನ್ನು ನಾವು ತಿರಸ್ಕರಿಸಿರಲಿಲ್ಲ, ನೋಡಿರಲೇ ಇಲ್ಲ.

ನನ್ನ ಶೀರ್ಷಿಕೆಯ ಬ್ಯಾಟರಿಯ ವಿಷಯ. ಮುಸ್ತಫಾನ ಅಸಲಿ ಬೋರ್ಡಿನಲ್ಲಿ ಧ್ವನಿಯನ್ನು ನೋಡಿಕೊಳ್ಳುವ ಒಂದು ಚಿಪ್ ಇದೆ. ಅದರ ಹೆಸರು ಕಬುಕಿ. ಜಪಾನಿನ ಬಣ್ಣದಾಟದ ಹೆಸರು ಅದು; ಬಯಲಾಟ ಓದುವವಳಿಗೆ ಇಷ್ಟವಾಗದೆ ಇರುತ್ತದೆಯೇ? ನಕಲು ಮಾಡುವವರನ್ನು ತಡೆಯಲು ಕಂಪನಿ ಆ ಪ್ರೋಗ್ರಾಮನ್ನು ಗುಪ್ತಲಿಪಿಯಲ್ಲಿ ಬರೆದು, ಓದುವ ಗುಟ್ಟನ್ನು ಚಿಪ್‌ನ ಒಳಗೆ ಇಟ್ಟಿತು. ಆ ಗುಟ್ಟು ಅಳಿಯದಂತೆ ಕಾಯುವುದು ಒಂದು ಸಣ್ಣ ಬ್ಯಾಟರಿ. ಬ್ಯಾಟರಿ ಸತ್ತ ದಿನ ಆ ಚಿಪ್‌ಗೆ ತನ್ನದೇ ಪ್ರೋಗ್ರಾಮನ್ನು ಓದಲು ಬರುವುದಿಲ್ಲ. ಅಂದರೆ ಕೆಲವು ವರ್ಷಗಳಲ್ಲಿ ತಾನಾಗಿ ಸಾಯುವ ಹಾಗೆಯೇ ಅದನ್ನು ಕಟ್ಟಿದ್ದರು. ಎಮ್ಯುಲೇಟರ್ ಬರೆಯುವವರು ಆ ಗುಟ್ಟನ್ನು ಬಿಡಿಸಿ, ಮೇಮ್‌ನ ಮೂಲಸಂಕೇತದಲ್ಲಿ ನಾಲ್ಕು ಸಂಖ್ಯೆಗಳಾಗಿ ಬರೆದಿಟ್ಟಿದ್ದಾರೆ. ಇಂದು ಜಗತ್ತಿನ ಯಾವ ಬ್ಯಾಟರಿ ಸತ್ತರೂ ಮುಸ್ತಫಾ ಸಾಯುವುದಿಲ್ಲ. ಕಳ್ಳರ ಕೀಲಿಕೈ ಎಂದರೆ ಅದೇ ನಾಲ್ಕು ಸಂಖ್ಯೆ.

ನಮ್ಮ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಶಾಸನಗಳಿವೆ. ಅಶೋಕನ ಹೆಸರೇ ಕೆತ್ತಿರುವ ಕೆಲವೇ ಶಾಸನಗಳಲ್ಲಿ ಅವೂ ಸೇರಿವೆ. ಪದವಿಯಲ್ಲಿದ್ದಾಗ ಅವನ್ನು ನೋಡಲು ಬಸ್ಸಿನಲ್ಲಿ ಹೋಗಿದ್ದೆವು. ಕಲ್ಲು ಎರಡು ಸಾವಿರ ವರ್ಷ ಬಿಸಿಲಲ್ಲಿ ಬಿದ್ದಿತ್ತು, ಅಕ್ಷರ ಇತ್ತು. ಆದರೆ ಬ್ರಾಹ್ಮಿಯನ್ನು ಓದುವುದು ಹೇಗೆಂದು ಯಾರಿಗೂ ತಿಳಿಯದ ಶತಮಾನಗಳು ಇದ್ದವು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಆ ಲಿಪಿ ಬಿಡಿಸಿದ. ಪ್ರಿನ್ಸೆಪ್‌ನನ್ನು ಯಾರಾದರೂ ಅಶೋಕನ ಮನೆಗೆ ಕನ್ನ ಹಾಕಿದವನು ಎನ್ನುತ್ತಾರೆಯೇ?

ಈ ಕೆಲಸದಲ್ಲಿ ನನ್ನ ಪಾಲು ಏನು ಎಂಬುದನ್ನು ದೊಡ್ಡದು ಮಾಡಿ ಹೇಳಬಾರದು. ನಾನು ಎಮ್ಯುಲೇಟರ್ ಬರೆಯುವುದಿಲ್ಲ. ನಾನು ಪ್ಯಾಕೇಜ್ ಮಾಡುವವಳು. ಸಿರುಗುಪ್ಪದವರಿಗೆ ಇದನ್ನು ವಿವರಿಸುವುದು ಸುಲಭ: ಭತ್ತ ಬೆಳೆಯುವವರು ಬೇರೆ, ಮಿಲ್ ಆಡಿಸುವವರು ಬೇರೆ, ಅಕ್ಕಿಯನ್ನು ಚೀಲಕ್ಕೆ ತುಂಬಿ, ತೂಕ ನೋಡಿ, ಬಾಯಿ ಹೊಲಿದು ಲಾರಿಗೆ ಹೇರುವ ಹಮಾಲರು ಬೇರೆ. ನಾನು ಹಮಾಲಿ. ಒಂದು ಚಿಕ್ಕ ಲಿನಕ್ಸ್ ಡಿಸ್ಟ್ರೋಗೆ ಆರು ಎಮ್ಯುಲೇಟರ್‌ಗಳ ಚೀಲ ಹೊಲಿಯುತ್ತೇನೆ. ಬರೆದವರು ಹೊಸ ಆವೃತ್ತಿ ಬಿಟ್ಟಾಗ ಅದನ್ನು ತಂದು, ಅದು ನೆಚ್ಚಿಕೊಂಡ ಲೈಬ್ರರಿಗಳು ನಮ್ಮಲ್ಲಿವೆಯೇ ನೋಡಿ, ಕಂಪೈಲ್ ಮಾಡಿ, ಒಂದೊಂದು ಕಡತದ ಪರವಾನಗಿಯನ್ನೂ ಓದಿ ಪಟ್ಟಿ ಮಾಡಿ, ಬಳಸುವವರು ಒಂದು ಆಜ್ಞೆ ಕೊಟ್ಟರೆ ಸಾಕು ಎನ್ನುವ ಹಾಗೆ ಇಡಬೇಕು.

ಇದರಲ್ಲಿ ಆಟವೆಂಬುದು ಕಡಿಮೆ, ಕ್ಲರ್ಕ್ ಕೆಲಸ ಹೆಚ್ಚು. 2024ರಲ್ಲಿ ಜಿಸಿಸಿ 14 ಬಂತು. ಹಿಂದೆ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಿದ್ದ ಹಳೆಯ ಸಿ ಭಾಷೆಯ ಸಡಿಲುಗಳನ್ನು ಅದು ತಪ್ಪೆಂದು ನಿಲ್ಲಿಸಿತು. ನನ್ನ ಆರರಲ್ಲಿ ಎರಡು ಕಂಪೈಲ್ ಆಗಲಿಲ್ಲ. ಮರುವರ್ಷ ಸಿಮೇಕ್ 4 ಬಂತು, ತೀರಾ ಹಳೆಯ ಕಟ್ಟುವ ಸೂಚನೆಗಳನ್ನು ಒಪ್ಪುವುದಿಲ್ಲ ಎಂದಿತು. ಮತ್ತೆ ಎರಡು ನಿಂತವು. ಮೇಮ್‌ನಂಥ ದೊಡ್ಡ ಪ್ರೋಗ್ರಾಮನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲ್ ಮಾಡಲು ಒಂದು ರಾತ್ರಿ ಪೂರ್ತಿ ಬೇಕು. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಆ ಲ್ಯಾಪ್‌ಟಾಪನ್ನು ಸ್ಟೀಲ್ ತಟ್ಟೆಯ ಮೇಲಿಟ್ಟು, ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ನಾನು ಸೆಕೆಯಲ್ಲಿ ಮಲಗುತ್ತೇನೆ. ನಮ್ಮ ಮನೆ ಓನರ್ ಆಂಟಿ ಒಮ್ಮೆ ನೋಡಿ “ಮಗೀಗೆ ಜ್ವರ ಬಂದಂಗೈತಲ್ಲೇ” ಎಂದಿದ್ದರು.

ಪರವಾನಗಿಯ ಮಾತು ಹೇಳಿದೆನಲ್ಲ, ಕಳ್ಳರು ಎನ್ನುವವರು ಅದನ್ನೊಮ್ಮೆ ನೋಡಬೇಕು. ಪರವಾನಗಿಯ ಬಗ್ಗೆ ನಮ್ಮಷ್ಟು ಮಡಿ ಮಾಡುವ ಜನ ನನಗೆ ಬೇರೆಲ್ಲೂ ಕಂಡಿಲ್ಲ. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಶುರು ಮಾಡಿದ ಮೇಮ್, ವಾಣಿಜ್ಯ ಬಳಕೆಯ ನಿಷೇಧ ಇದ್ದಷ್ಟು ಕಾಲ ಡೆಬಿಯನ್‌ನಲ್ಲಿ ‘ಮುಕ್ತವಲ್ಲದ್ದು’ ಎಂಬ ಹೊರಜಗುಲಿಯಲ್ಲೇ ಕುಳಿತಿತ್ತು. ಕೊಡುಗೆ ಕೊಟ್ಟಿದ್ದವರ ಒಪ್ಪಿಗೆ ಕೇಳಿ ಪರವಾನಗಿ ಬದಲಿಸಿ 2016ರಲ್ಲಿ ಮುಕ್ತವಾದ ಮೇಲೆಯೇ ಒಳಮನೆಗೆ ಬಂದದ್ದು. ಸ್ನೆಸ್9ಎಕ್ಸ್‌ನ ಪರವಾನಗಿ ಇವತ್ತಿಗೂ ಹಣ ಮಾಡುವುದನ್ನು ಒಪ್ಪುವುದಿಲ್ಲ, ಹಾಗಾಗಿ ಅದು ಇವತ್ತಿಗೂ ಹೊರಗೆ. ನಮ್ಮ ಯಾವ ಪ್ಯಾಕೇಜಿನಲ್ಲೂ ಒಂದೇ ಒಂದು ಆಟ ಇರುವುದಿಲ್ಲ. ಯಂತ್ರದ ಜೊತೆ ಬರುವ ಬಯೋಸ್ ಇರುವುದಿಲ್ಲ. ಖಾಲಿ ಪಾತ್ರೆ ಕೊಡುತ್ತೇವೆ. ಅನ್ನ ಎಲ್ಲಿಂದ ತರುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

“ಆದರೆ ಜನ ಕದ್ದ ಅನ್ನವನ್ನೇ ತಾನೇ ಹಾಕುವುದು?” ಹೌದು, ಬಹಳ ಜನ. ಸುಳ್ಳು ಹೇಳುವುದಿಲ್ಲ. ಮುಸ್ತಫಾನನ್ನು ನಾನೂ ಹಾಗೆಯೇ ತಂದದ್ದು. 2024ರ ಫೆಬ್ರವರಿ ಕೊನೆಯಲ್ಲಿ ನಿಂಟೆಂಡೊ ‘ಯೂಜು’ ಎಂಬ ಎಮ್ಯುಲೇಟರ್ ಮಾಡಿದವರ ಮೇಲೆ ದಾವೆ ಹೂಡಿತು. ಮಾರ್ಚ್ ಮೊದಲ ವಾರದಲ್ಲೇ ಅವರು 24 ಲಕ್ಷ ಡಾಲರ್ ಕೊಡಲು ಒಪ್ಪಿ ಅಂಗಡಿ ಮುಚ್ಚಿದರು. ಆ ಪ್ರಕರಣದಲ್ಲಿ ನಾನು ಯೂಜುವಿನ ಪರ ಪೂರ್ತಿ ನಿಲ್ಲಲಾರೆ. ಅಂಗಡಿಯಲ್ಲಿ ಇನ್ನೂ ಮಾರುತ್ತಿರುವ ಯಂತ್ರಕ್ಕೆ, ಬಿಡುಗಡೆಯಾಗುವ ಮೊದಲೇ ಸೋರಿದ ಆಟ ಆಡುವವರ ಗುಂಪನ್ನು ಬೆನ್ನಿಗೆ ಕಟ್ಟಿಕೊಂಡು, ತಿಂಗಳ ಚಂದಾ ಎತ್ತಿ ಎಮ್ಯುಲೇಟರ್ ನಡೆಸುವುದು ಸಂರಕ್ಷಣೆಯಲ್ಲ. ಆದರೆ ಅದೇ ತಂಡದ ಕೈಯಲ್ಲಿದ್ದ ‘ಸಿಟ್ರಾ’ ಕೂಡ ಅದೇ ದಿನ ಮುಚ್ಚಿತಲ್ಲ, ಅದು ತನ್ನ ಕಾಲ ಮುಗಿಸಿದ ಯಂತ್ರದ ಎಮ್ಯುಲೇಟರ್. ನನ್ನ ಆಕ್ಷೇಪ ಅಲ್ಲಿದೆ. ಎಮ್ಯುಲೇಟರ್ ಬರೆಯಲು ಯಂತ್ರವನ್ನು ಬಿಚ್ಚಿ ಅರಿಯುವುದು ತಪ್ಪಲ್ಲವೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ರಲ್ಲೇ ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಆದರೂ ಒಂದು ವಕೀಲರ ಪತ್ರ ಬಂದರೆ ಸಾಕು, ಬಿಡುವಿನ ವೇಳೆಯಲ್ಲಿ ಬರೆಯುವವನು ಹೆದರಿ ಹತ್ತು ವರ್ಷದ ಕೆಲಸ ಅಳಿಸುತ್ತಾನೆ. ತೀರ್ಪು ಅವನ ಪರ ಇದ್ದು ಏನು ಬಂತು, ನ್ಯಾಯಾಲಯದ ತನಕ ಹೋಗುವ ಬಸ್ ಚಾರ್ಜು ಅವನ ಬಳಿ ಇಲ್ಲ.

ನಮ್ಮ ದೇಶದ ಕಾನೂನು ನೋಡಿದರೆ ಇನ್ನೊಂದು ತಮಾಷೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ‘ಸಾಹಿತ್ಯ ಕೃತಿ’ ಎಂದು ಕರೆಯುತ್ತದೆ. ತಮಾಷೆಗೆ ಹೇಳುತ್ತಿಲ್ಲ, ವ್ಯಾಖ್ಯೆಯಲ್ಲೇ ಇದೆ. ಕಾನೂನಿನ ಕಣ್ಣಲ್ಲಿ ಮುಸ್ತಫಾನ ಪ್ರೋಗ್ರಾಮೂ ಸಾಹಿತ್ಯ, ನಾವು ಪಾಠ ಮಾಡುವ ಕಾದಂಬರಿಯೂ ಸಾಹಿತ್ಯ. ಕಾಯ್ದೆಯ 52ನೇ ಕಲಮು, ಪ್ರೋಗ್ರಾಮನ್ನು ನ್ಯಾಯವಾಗಿ ಪಡೆದವನು ಅದು ಹೇಗೆ ನಡೆಯುತ್ತದೆಂದು ನೋಡಿ ಅರಿಯಬಹುದು, ಬೇರೆ ಪ್ರೋಗ್ರಾಮಿನ ಜೊತೆ ಹೊಂದಿಸಲು ಬೇಕಾದ ಮಾಹಿತಿ ಬೇರೆ ದಾರಿಯಲ್ಲಿ ಸುಲಭವಾಗಿ ಸಿಗದಿದ್ದರೆ ಅದನ್ನು ಪಡೆಯಲು ಬೇಕಾದ್ದನ್ನು ಮಾಡಬಹುದು, ನಷ್ಟದ ಭಯಕ್ಕೆ ಒಂದು ಪ್ರತಿ ಇಟ್ಟುಕೊಳ್ಳಬಹುದು ಎಂದೂ ಒಪ್ಪುತ್ತದೆ. ಇಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ 2012ರ ತಿದ್ದುಪಡಿಯಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಅವಕಾಶ ಓದಿ: ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಕೃತಿಯನ್ನು ಡಿಜಿಟಲ್ ಆಗಿ ಇಟ್ಟುಕೊಳ್ಳಬಹುದು, ಆದರೆ ಅದರ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕು. ಕಾಗದದಲ್ಲಿ ಹುಟ್ಟಿದ್ದಕ್ಕೆ ಮಾತ್ರ ಉಳಿಯುವ ಹಕ್ಕು. ಫ್ಲಾಪಿಯಲ್ಲೇ ಹುಟ್ಟಿದ್ದು, ಸಿಡಿಯಲ್ಲೇ ಹುಟ್ಟಿದ್ದು ಏನಾಗಬೇಕು? ಅಮೆರಿಕದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಹೋಯಿತು: ಹಳೆಯ ಆಟಗಳನ್ನು ಸಂಶೋಧಕರಿಗೆ ದೂರದಿಂದಲೂ ನೋಡಲು ಕೊಡುತ್ತೇವೆಂದು ಗ್ರಂಥಾಲಯಗಳು ಕೇಳಿದವು. 2024ರ ಅಕ್ಟೋಬರಿನಲ್ಲಿ ಅಲ್ಲಿಯ ಕೃತಿಸ್ವಾಮ್ಯ ಕಚೇರಿ ಆಗದು ಎಂದಿತು. ಕಾರಣಗಳಲ್ಲಿ ಒಂದು, ಜನ ಸಂಶೋಧನೆಯ ಹೆಸರಲ್ಲಿ ಮನರಂಜನೆಗೆ ಆಡಿಯಾರು ಎಂಬ ಭಯ. ಕಾದಂಬರಿಯನ್ನು ಖುಷಿಗಾಗಿ ಓದಿಬಿಡುತ್ತಾರೆಂದು ಗ್ರಂಥಾಲಯಕ್ಕೆ ಬೀಗ ಹಾಕಿದಂತೆ.

ನಮ್ಮವರನ್ನೂ ಬಿಡುವಂತಿಲ್ಲ. ಎಮ್ಯುಲೇಟರ್ ಬರೆಯುವವರಿಗೂ ನಮ್ಮಂಥ ಚೀಲ ಹೊಲಿಯುವವರಿಗೂ ನಡುವೆ ನಡೆದಿರುವ ಜಗಳ ನೋಡಿದರೆ ಹೊರಗಿನ ಶತ್ರು ಬೇಕಿಲ್ಲ. ಪ್ಲೇಸ್ಟೇಷನ್ 1ರ ಎಮ್ಯುಲೇಟರ್ ಡಕ್‌ಸ್ಟೇಷನ್ ವರ್ಷಗಳ ಕಾಲ ಜಿಪಿಎಲ್ ಪರವಾನಗಿಯಲ್ಲಿತ್ತು. 2024ರಲ್ಲಿ ಅದರ ಕರ್ತೃ, ವಾಣಿಜ್ಯ ಬಳಕೆ ಇಲ್ಲ, ಬದಲಿಸಿ ಹಂಚುವಂತೆಯೂ ಇಲ್ಲ ಎನ್ನುವ ಪರವಾನಗಿಗೆ ಹೋದರು. ಡಿಸ್ಟ್ರೋಗಳು ಕೆಡಿಸಿದ ಪ್ಯಾಕೇಜಿನ ದೂರುಗಳೆಲ್ಲ ತನ್ನ ಬಾಗಿಲಿಗೆ ಬರುತ್ತವೆ ಎಂಬ ಸಿಟ್ಟನ್ನು ಅವರು ಬಹಿರಂಗವಾಗಿಯೇ ತೋಡಿಕೊಂಡಿದ್ದಾರೆ. ಆ ಪರವಾನಗಿ ನನಗೆ ಹಿಡಿಸುವುದಿಲ್ಲ. ಬದಲಿಸಿ ಹಂಚಬಾರದು ಎಂದರೆ ಒಂದು ಸಾಲು ತಿದ್ದಿ ಹೊಸ ಕಂಪೈಲರ್‌ಗೆ ಹೊಂದಿಸುವುದೂ ನನಗೆ ಸಾಧ್ಯವಿಲ್ಲ, ನಾಳೆ ಅವರು ಬೇಸತ್ತು ನಿಲ್ಲಿಸಿದರೆ ಮುಂದುವರಿಸುವುದೂ ಯಾರಿಗೂ ಸಾಧ್ಯವಿಲ್ಲ. ಅದೂ ಒಂದು ಕಬುಕಿ ಬ್ಯಾಟರಿಯೇ. ಆದರೆ ಅವರ ಸಿಟ್ಟು ಸುಳ್ಳಲ್ಲ. ಅದಕ್ಕೆ ಸಾಕ್ಷಿ ನಾನೇ.

ಎರಡು ವರ್ಷದ ಹಿಂದೆ, ಕೋರ್ಸ್‌ವರ್ಕ್ ಪರೀಕ್ಷೆಯ ವಾರದಲ್ಲಿ, ಒಂದು ಪ್ಯಾಕೇಜನ್ನು ಅವಸರದಲ್ಲಿ ಹೊಸದು ಮಾಡಿದೆ. ಉಳಿಸಿದ ಆಟಗಳನ್ನು ಇಡುವ ಜಾಗವನ್ನು ಡಿಸ್ಟ್ರೋದ ಪದ್ಧತಿಗೆ ಹೊಂದಿಸುತ್ತೇನೆಂದು ಒಂದು ಸಣ್ಣ ತೇಪೆ ಹಾಕಿದ್ದೆ. ನನ್ನ ಯಂತ್ರದಲ್ಲಿ ನಡೆಯಿತು. ಬೇರೆಯವರ ಯಂತ್ರಗಳಲ್ಲಿ ಹಳೆಯ ಉಳಿಕೆಗಳು ಕಾಣದಾದವು, ಕೆಲವರಿಗೆ ಅಳಿದೇ ಹೋದವು. ಅವರೆಲ್ಲ ಬೈದದ್ದು ಎಮ್ಯುಲೇಟರ್ ಬರೆದವನನ್ನು. ಅವನು ಮೂರು ದಿನ ತನ್ನ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪನ್ನು ಹುಡುಕಿದ. ಒಬ್ಬಾತ ಬರೆದಿದ್ದ, ತೀರಿಹೋದ ತಮ್ಮನ ಉಳಿಕೆ ಅದರಲ್ಲಿತ್ತು ಎಂದು. ನಾನು ಕ್ಷಮೆ ಕೇಳಿದೆ, ತೇಪೆ ಕಿತ್ತೆ, ಆ ಉಳಿಕೆ ಮರಳಲಿಲ್ಲ. ಅಂದಿನಿಂದ ಬರೆದವರಿಗೆ ತೋರಿಸದೆ ಒಂದು ಸಾಲನ್ನೂ ತಿದ್ದಿಲ್ಲ. ಡಿಸ್ಟ್ರೋದವರು ತಾವು ಮನೆಯ ಯಜಮಾನರೆಂದು ನಡೆದುಕೊಳ್ಳುವ ಚಾಳಿ ಬಿಡಬೇಕು. ಬರೆಯುವವರು, ಚೀಲ ಇಲ್ಲದಿದ್ದರೆ ಅಕ್ಕಿ ಮಿಲ್ಲಿನಲ್ಲೇ ಹುಳ ಹಿಡಿಯುತ್ತದೆಂದು ಒಪ್ಪಬೇಕು. “ಫ್ಲಾಟ್‌ಪ್ಯಾಕ್ ಇದೆಯಲ್ಲ, ಬರೆದವರೇ ಎಲ್ಲ ಲೈಬ್ರರಿ ಸೇರಿಸಿ ಒಂದೇ ಡಬ್ಬಿ ಕೊಡುತ್ತಾರೆ, ನಿಮ್ಮದೇನು ಕೆಲಸ” ಎನ್ನುವವರಿದ್ದಾರೆ. ಇವತ್ತಿಗೆ ಅದು ಅನುಕೂಲ, ನಾನೂ ಬಳಸುತ್ತೇನೆ. ಬರೆದವರು ಕೈಬಿಟ್ಟ ಹತ್ತು ವರ್ಷದ ಮೇಲೆ ಆ ಡಬ್ಬಿಯನ್ನು ಮೂಲದಿಂದ ಮತ್ತೆ ಕಟ್ಟುವವರು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ.

ಇಷ್ಟೆಲ್ಲ ಕೇಳಿ ಸಾಹಿತ್ಯದವರು, “ಇದಕ್ಕೂ ಕನ್ನಡಕ್ಕೂ ಏನಮ್ಮ ಸಂಬಂಧ?” ಎನ್ನುತ್ತಾರೆ. ಕುರುಗೋಡಿಗೆ ಬನ್ನಿ.

ನನ್ನ ಸಂಶೋಧನೆ ದೊಡ್ಡಾಟದ ಪಠ್ಯಗಳ ಮೇಲೆ. ಹಸ್ತಪ್ರತಿಗಳನ್ನು ಹುಡುಕುವವರು ಬೇಕಾದಷ್ಟು ಜನ ಇದ್ದಾರೆ, ಅವಕ್ಕೆ ಯೋಜನೆಗಳಿವೆ, ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ. ನಾನು ಹುಡುಕಿದ್ದು ತೊಂಬತ್ತರ ದಶಕದ ಕೊನೆಯಿಂದ ಈಚೆಗೆ ಸಣ್ಣ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಟೈಪಾದ ಆಟಗಳನ್ನು. ಕುರುಗೋಡಿನ ಒಂದು ಡಿಟಿಪಿ ಅಂಗಡಿಯವರು ಅಟ್ಟದ ಮೇಲಿನ ಹಳೆಯ ಕಂಪ್ಯೂಟರನ್ನು ತೋರಿಸಿ, “ಅದರಾಗೆ ಕುಮಾರರಾಮನ ಆಟ ಐತಿ ನೋಡಮ್ಮ, ನಮ್ಮ ತಂದೆಯವ್ರು ಮಾಸ್ತರ್ ಬಾಯಿಂದ ಕೇಳಿ ಹೊಡೆದಿದ್ದು. ಆನ್ ಆಗೋದಿಲ್ಲ” ಎಂದರು. ಆಡಿಸುತ್ತಿದ್ದ ಮಾಸ್ತರರು ತೀರಿಕೊಂಡಿದ್ದಾರೆ. ಟೈಪ್ ಮಾಡಿದವರೂ ಇಲ್ಲ. ಕಾಗದದ ಪ್ರತಿ ಯಾರ ಮನೆಯಲ್ಲೂ ಸಿಗಲಿಲ್ಲ.

ಹಾರ್ಡ್ ಡಿಸ್ಕ್ ಬಿಚ್ಚಿ ತಂದೆ. ಅದನ್ನು ಬಿಟ್ಟೂ ಬಿಟ್ಟೂ ಓದಿಸಿ ಒಂದು ಪ್ರತಿ ತೆಗೆಯಲು ಎರಡು ದಿನ ಹಿಡಿಯಿತು. ಕಡತಗಳು ಪೇಜ್‌ಮೇಕರ್ 6.5ರಲ್ಲಿದ್ದವು. ಅಕ್ಷರಗಳು ಯೂನಿಕೋಡ್‌ಗೆ ಮೊದಲಿನ ಕಾಲದವು. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕುಮಾರರಾಮ ಬರೀ ಕೊಕ್ಕೆ ಬಾಲಗಳ ಸಂತೆ. ಒಂದೇ ದಾರಿ: ಆ ಹಳೆಯ ಕಂಪ್ಯೂಟರನ್ನೇ ಮತ್ತೆ ಬದುಕಿಸುವುದು. ಹಳೆಯ ಪಿಸಿಗಳ ಮದರ್‌ಬೋರ್ಡಿನಿಂದ ಹಿಡಿದು ಸೌಂಡ್ ಕಾರ್ಡಿನ ತನಕ ಅನುಕರಿಸುವ ‘86ಬಾಕ್ಸ್’ ಎಂಬ ಎಮ್ಯುಲೇಟರ್ ಇದೆ. ತೊಂಬತ್ತರ ದಶಕದ ಆಟಗಳು ಅಂದಿನಂತೆಯೇ ಓಡಬೇಕೆಂದು ಹಟ ಹಿಡಿದವರ ಕೈಯಲ್ಲಿ ಬೆಳೆದದ್ದು ಅದು. ನನ್ನ ಆರು ಚೀಲಗಳಲ್ಲಿ ಅದೂ ಒಂದು. ಡಿಸ್ಕಿನ ಪ್ರತಿಯನ್ನು ಅದಕ್ಕೆ ಕೊಟ್ಟೆ. ವಿಂಡೋಸ್ 98 ಎದ್ದು ಕುಳಿತು, ಹೊಸ ಹಾರ್ಡ್‌ವೇರ್ ಸಿಕ್ಕಿದೆ ಎಂದು ಗಾಬರಿಯಾಗಿ ಹದಿನೈದು ಸಲ ಕೇಳಿ, ಕೊನೆಗೆ ಡೆಸ್ಕ್‌ಟಾಪ್ ತೋರಿಸಿತು. ಹಿನ್ನೆಲೆಯಲ್ಲಿ ದೊಡ್ಡಬಸವೇಶ್ವರನ ಫೋಟೊ. ಪೇಜ್‌ಮೇಕರ್ ತೆರೆದರೆ, 112 ಪುಟ, ಪದಗಳಿಗೆ ರಾಗ ತಾಳದ ಗುರುತು ಸಹಿತ. ಅದನ್ನು ಯೂನಿಕೋಡ್‌ಗೆ ತರುವಾಗ ಅರ್ಕಾವತ್ತುಗಳೆಲ್ಲ ಒಂದು ಅಕ್ಷರ ಆಚೆ ಈಚೆ ಜಿಗಿದು ‘ಧರ್ಮ’ ‘ಕರ್ಮ’ಗಳೆಲ್ಲ ಕೆಟ್ಟವು, ಕೂತು ತಿದ್ದಿದೆ, ಇನ್ನೂ ತಿದ್ದುತ್ತಿದ್ದೇನೆ.

ಕನ್ನಡದ ಒಂದು ದೊಡ್ಡಾಟ ಉಳಿದದ್ದು ಆಟದ ಹುಚ್ಚರ ತಂತ್ರಾಂಶದಿಂದ. ಡಾಸ್‌ಬಾಕ್ಸ್‌ನ ಕಥೆಯೂ ಇದೇ. 2002ರಿಂದ ಅದನ್ನು ಬೆಳೆಸಿದವರು, ನಾವು ಇದನ್ನು ಆಟಗಳಿಗೆಂದು ಮಾಡಿದ್ದು, ನಿಮ್ಮ ಲೆಕ್ಕಪತ್ರದ ಪ್ರೋಗ್ರಾಮಿಗೆ ನಾವು ಜವಾಬ್ದಾರರಲ್ಲ ಎಂದು ಹೇಳುತ್ತಲೇ ಬಂದರು. ಲೆಕ್ಕಪತ್ರದವರು ಬಳಸುತ್ತಲೇ ಬಂದರು. ಹಳೆಯ ಯಂತ್ರವನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಅನುಕರಿಸುವ ತಾಳ್ಮೆ ಆಫೀಸಿನವರಿಗೆ ಇರಲಿಲ್ಲ, ಆಡುವವರಿಗೆ ಇತ್ತು. ‘ಸ್ಪೀಡಿ ಗೊಂಜಾಲೆಸ್’ ಎಂಬ ಆಟದ ಆರನೇ ಘಟ್ಟದಲ್ಲಿ ಒಂದು ಗುಂಡಿ ಒತ್ತಿದರೆ ಎಮ್ಯುಲೇಟರ್‌ಗಳೆಲ್ಲ ಹೆಪ್ಪುಗಟ್ಟಿ ನಿಲ್ಲುತ್ತಿದ್ದವು; ಆ ಒಂದು ಗುಂಡಿ ಕೆಲಸ ಮಾಡಬೇಕೆಂದರೆ ಇಡೀ ಯಂತ್ರದ ಒಂದೊಂದು ಗಡಿಯಾರದ ಬಡಿತವನ್ನೂ ಸರಿಯಾಗಿ ಅನುಕರಿಸಬೇಕಿತ್ತು. ಬಿಸ್ನೆಸ್ ಎಂಬ ಎಮ್ಯುಲೇಟರ್ ಅದನ್ನು ಮಾಡಿತು. ಪಾಠಾಂತರಕ್ಕೆ ಇಷ್ಟು ಗೌರವ ಕೊಡುವ ಗ್ರಂಥಸಂಪಾದಕರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಇದನ್ನೇ ಅಂದು ತಟ್ಟೆ ಹಿಡಿದು ಕೇಳಬೇಕಿತ್ತು.

ಎಮ್ಯುಲೇಟರ್‌ಗಳೂ ಕನ್ನಡಕ್ಕೆ ಬಾಕಿ ತೀರಿಸಬೇಕಿದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ಎಮ್ಯುಲೇಟರ್‌ನ ಮೆನುಗಳನ್ನು ಕನ್ನಡಕ್ಕೆ ತರಲು ಹೋದೆ. ಈಚಿನ ಹಲವು ಎಮ್ಯುಲೇಟರ್‌ಗಳು ತೆರೆಯ ಮೇಲಿನ ಬರಹಕ್ಕೆ ‘ಡಿಯರ್ ಇಮ್‌ಗುಯಿ’ ಎಂಬ ಲೈಬ್ರರಿ ಬಳಸುತ್ತವೆ. ಅದಕ್ಕೆ ಅಕ್ಷರ ಜೋಡಿಸುವುದು ಗೊತ್ತು, ಒತ್ತಕ್ಷರ ಕಟ್ಟುವುದು ಗೊತ್ತಿಲ್ಲ. ‘ಅಪ್ಲಿಕೇಶನ್’ ಎಂದು ಬರೆದರೆ ಪಕಾರದ ಕೆಳಗೆ ಕೂರಬೇಕಾದ ಲಕಾರ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಮದುವೆಗೆ ಬಂದು ಊಟಕ್ಕೆ ಕರೆಯದ ನೆಂಟರಂತೆ. ಅದನ್ನು ಸರಿಪಡಿಸಲು ಹಾರ್ಫ್‌ಬಜ್ ಎಂಬ ಇನ್ನೊಂದು ಲೈಬ್ರರಿ ಹೊಂದಿಸಬೇಕು. ನನ್ನ ಕೈಲಾಗಲಿಲ್ಲ. ಬೆಂಗಳೂರಿನಲ್ಲಿ ಆ ಕೆಲಸ ಬಲ್ಲ ಕನ್ನಡದ ಇಂಜಿನಿಯರುಗಳು ಸಾವಿರಾರು ಜನ ಇದ್ದಾರೆ. ನವೆಂಬರಿನಲ್ಲಿ ಅವರ ಕಂಪನಿಗಳ ಮೇಲೆಲ್ಲ ಬಾವುಟ ಹಾರುತ್ತದೆ.

ಸರ್ಕಾರದ ಮಾತನ್ನೂ ಆಡಿಬಿಡೋಣ. ಅನಿಮೇಶನ್, ಗೇಮಿಂಗ್‌ಗೆಂದು 2012ರಲ್ಲೇ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. 2024ರಿಂದ 2029ಕ್ಕೆಂದು ಹೊಸ ನೀತಿಯೂ ಬಂದಿದೆ. ಗೇಮ್ ಅದರ ಕಣ್ಣಿಗೆ ಉದ್ಯಮ, ಹೂಡಿಕೆ, ಉದ್ಯೋಗ. ದಿನಪತ್ರಿಕೆಯ ಕಣ್ಣಿಗೆ ಗೇಮ್ ಎಂದರೆ ಆನ್‌ಲೈನ್ ಜೂಜು, ಸಾಲ, ಆತ್ಮಹತ್ಯೆ. 2025ರ ಕೇಂದ್ರದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲಂತೂ ಆ ಪದವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವಂತಿಲ್ಲ. ಸಿರುಗುಪ್ಪದ ಹಸಿರು ಪರದೆಯ ಹಿಂದೆ ಒಂದು ತಲೆಮಾರು ಏನನ್ನು ನೋಡಿ ಬೆಳೆಯಿತು, ಯಾವ ಹೆಸರಿಟ್ಟು ಕರೆಯಿತು, ಅದನ್ನು ದಾಖಲಿಸಲು ಇವೆರಡರಲ್ಲೂ ಜಾಗವಿಲ್ಲ. ನಾನು ಕೇಳುವುದು ದೊಡ್ಡದಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯ ತಾಳೆಗರಿ ತೆಗೆದುಕೊಳ್ಳುವ ಹಾಗೆ ಹಳೆಯ ಹಾರ್ಡ್ ಡಿಸ್ಕನ್ನೂ ರಸೀದಿ ಕೊಟ್ಟು ತೆಗೆದುಕೊಳ್ಳಲಿ. ಅದನ್ನು ಓದುವ ಎಮ್ಯುಲೇಟರ್ ಹಾಕಿದ ಒಂದು ಲಿನಕ್ಸ್ ಕಂಪ್ಯೂಟರ್ ಇಡಲಿ. ಕೃತಿಸ್ವಾಮ್ಯ ಕಾಯ್ದೆಯ ಆ ‘ಡಿಜಿಟಲ್ ಅಲ್ಲದ ಪ್ರತಿ’ ಎಂಬ ಮಾತನ್ನು ಕಿತ್ತುಹಾಕಿ ಎಂದು ನಮ್ಮ ಅಕಾಡೆಮಿಗಳು ಒಂದು ಠರಾವು ಬರೆಯಲಿ.

ಹೋದ ತಿಂಗಳು ಸಿರುಗುಪ್ಪಕ್ಕೆ ಹೋದಾಗ ಆ ಹಳೆಯ ಅಂಗಡಿಯವರನ್ನು ಹುಡುಕಿದೆ. ಈಗ ಅದೇ ಜಾಗದಲ್ಲಿ ಮೊಬೈಲ್ ರೀಚಾರ್ಜ್, ಜೆರಾಕ್ಸ್. ಪರದೆ ಇಲ್ಲ. ಮರದ ಡಬ್ಬಿಗಳಲ್ಲಿ ಒಂದನ್ನು ಅಡ್ಡ ಮಲಗಿಸಿ ಅದರ ಮೇಲೆ ಜೆರಾಕ್ಸ್ ಮಷಿನ್ ಇಟ್ಟಿದ್ದಾರೆ; ಕಾಯಿನ್ ಹಾಕುವ ಸೀಳು ಇನ್ನೂ ಇದೆ. ಒಳಗಿದ್ದ ಕಂಪ್ಯೂಟರ್ ಏನಾಯಿತು ಕೇಳಿದೆ. “ಗುಜರಿಗೆ ಹಾಕ್ದೆವಮ್ಮ, ಕೆಜಿ ಲೆಕ್ಕ” ಎಂದರು. ಲ್ಯಾಪ್‌ಟಾಪ್ ತೆರೆದು ಮೇಮ್ ಓಡಿಸಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, “ಇದಕ್ಕೆ ಕಾಯಿನ್ ಎಲ್ಲಿ ಹಾಕ್ತಿ?” ಎಂದರು. ಕೀಲಿಮಣೆಯ 5 ಒತ್ತಿದರೆ ಕಾಯಿನ್ ಬಿದ್ದಂತೆ, 1 ಒತ್ತಿದರೆ ಶುರು ಎಂದೆ. ಅವರು 5 ಒತ್ತಿದರು. ಒಂದಲ್ಲ, ಏಳೆಂಟು ಸಲ ಒತ್ತಿದರು. “ಆಗಿನ ಕಾಲಕ್ಕೆ ಎಂಟು ರೂಪಾಯಿ ಇದು” ಎಂದು ನಕ್ಕರು. ನಾನು ಹ್ಯಾನಾ, ಅವರು ಮುಸ್ತಫಾ. ಜೆರಾಕ್ಸಿಗೆ ಬಂದ ಇಬ್ಬರು ಕಾಲೇಜು ಹುಡುಗಿಯರು ಆಧಾರ್ ಕಾರ್ಡ್ ಹಿಡಿದು ಕಾಯುತ್ತಾ ನಿಂತರು. ಎರಡನೇ ಘಟ್ಟದಲ್ಲಿ ಇಬ್ಬರೂ ಸತ್ತೆವು.

ಕುರುಗೋಡಿನ ಡಿಟಿಪಿಯವರು ಮೊನ್ನೆ ಫೋನ್ ಮಾಡಿದ್ದರು. ಅಟ್ಟದಲ್ಲಿ ಇನ್ನೂ ಒಂದು ಟ್ರಂಕಿನ ತುಂಬ ಸಿಡಿ ಸಿಕ್ಕಿವೆಯಂತೆ, ಕೆಲವಕ್ಕೆ ಬೂಷ್ಟು ಹಿಡಿದಿದೆಯಂತೆ. ಯುಗಾದಿಗೆ ಅಂಗಡಿ ಬೇರೆ ಕಡೆ ಹೋಗುತ್ತದೆ, ಅಷ್ಟರಲ್ಲಿ ಬಂದು ತಗೊಂಡ್ ಹೋಗು ಎಂದಿದ್ದಾರೆ. ಭಾನುವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೇನೆ.